ಅವ್ವ ಕಟ್ಟಿಟ್ಟು ಹೋದ ಸಾರು

ಪೊಟ್ಟಣಗಳು ತೊಂಬತ್ತು ಇದ್ದವು. ಇದೊಂದನ್ನು ಮಾತ್ರ ನಾನು ಆಣೆ ಮಾಡಿ ಹೇಳಬಲ್ಲೆ, ಏಕೆಂದರೆ ಎಣಿಸಿದವಳು ನಾನೇ. ಉಳಿದದ್ದೆಲ್ಲ, ಕಟ್ಟಿದ ದಾರದ ಬಣ್ಣ, ಯಾರು ಯಾವ ಮಾತು ಮೊದಲು ಆಡಿದರು, ಅಪ್ಪ ಆ ಶನಿವಾರ ಮನೆಯಲ್ಲಿದ್ದನೋ ಇಲ್ಲವೋ ಎಂಬುದು, ಹೇಳುವಾಗ ಒಂದೊಂದು ಸಲ ಒಂದೊಂದು ರೀತಿ ಆಗುತ್ತದೆ. ಎರಡು ಸಲ ಹೇಳಿದರೆ ಎರಡನೆಯದು ಮೊದಲನೆಯದಕ್ಕಿಂತ ಚೆನ್ನಾಗಿರುತ್ತದೆ. ಚೆನ್ನಾಗುತ್ತಿದೆ ಎಂದು ಗೊತ್ತಾದಾಗಲೆಲ್ಲ ನನಗೆ ಭಯವಾಗುತ್ತದೆ. ಹಾಗಾಗಿ ಒಂದೇ ಸಲ ಬರೆದು ಮುಗಿಸುತ್ತೇನೆ.

ಮೈಸೂರಿನ ವಿದ್ಯಾರಣ್ಯಪುರಂನ ಹೆಂಚಿನ ಮನೆಗಳ ಒಂದು ಸಾಲಿನಲ್ಲಿ ಕೊನೆಯದು ನಮ್ಮದು. ಆಚೆಗೆ ಹೊಲ. ಅಪ್ಪ ನೇಯ್ಗೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು. ನನಗೆ ಹನ್ನೊಂದು ವರ್ಷ, ತಮ್ಮನಿಗೆ ಐದು. ಅವ್ವನಿಗೆ ದೀಪಾವಳಿಯಿಂದ ಕೆಮ್ಮು. ಮೊದಲು ಧೂಳಿನದು ಅಂದಳು, ಆಮೇಲೆ ಚಳಿಯದು ಅಂದಳು, ಶಿವರಾತ್ರಿಯ ಹೊತ್ತಿಗೆ ಏನೂ ಅನ್ನುವುದನ್ನು ಬಿಟ್ಟಳು. ಎಕ್ಸ್‌ರೇ ನೋಡಿದ ಡಾಕ್ಟರು ಊರಾಚೆಯ ಕ್ಷಯದ ಆಸ್ಪತ್ರೆಗೆ ಸೇರಬೇಕು, ಮೂರು ತಿಂಗಳು ಅಲ್ಲೇ ಇರಬೇಕು, ನಡುವೆ ಬಿಟ್ಟು ಬಂದರೆ ಔಷಧಿ ಕೊಟ್ಟಿದ್ದೂ ಕೊಡದಿದ್ದೂ ಒಂದೇ ಎಂದರಂತೆ. ಹಾಸಿಗೆ ಖಾಲಿಯಾದಾಗ ಕಾಗದ ಬರುತ್ತದೆ, ಅಲ್ಲಿಯವರೆಗೆ ಕಾಯಿರಿ ಎಂದೂ ಹೇಳಿ ಕಳಿಸಿದರು.

ಆ ಕಾಯುವ ದಿನಗಳಲ್ಲಿ ಅವ್ವ ಮೂರು ತಿಂಗಳ ಅಡುಗೆ ಮಾಡಿದಳು.

ಇದು ಹೇಗೆ ಸಾಧ್ಯ ಎಂದು ಕೇಳುವವರಿಗೆ ವಿವರಿಸಬೇಕು. ಮುದ್ದೆ ತಿರುವುವುದು ಅಪ್ಪನಿಗೆ ಬರುತ್ತಿತ್ತು, ಅನ್ನಕ್ಕೆ ಇಡುವುದು ನನಗೆ ಬರುತ್ತಿತ್ತು. ಬಾರದೇ ಇದ್ದದ್ದು ಸಾರು. ಒಂದು ಸಾರಿಗೆ ಏನೇನು ಬೇಕೋ ಅದನ್ನೆಲ್ಲ ಒಂದೇ ಪೊಟ್ಟಣದಲ್ಲಿ ಕಟ್ಟಿಟ್ಟುಬಿಟ್ಟರೆ, ನೀರು ಕುದಿಯುವಾಗ ಬಿಚ್ಚಿ ಸುರಿದರೆ ಸಾಕಲ್ಲ ಎಂಬುದು ಅವಳ ಯೋಚನೆ. ಬೇಳೆಯನ್ನು ಹುರಿದು ಒಂದಿಷ್ಟು ಒಡೆದುಕೊಂಡಳು, ಬೇಗ ಬೇಯಲಿ ಎಂದು. ಬದನೆಕಾಯಿಯನ್ನು ತೆಳ್ಳಗೆ ಸೀಳಿ ಹಳೆಯ ಸೀರೆಯ ಮೇಲೆ ಬಿಸಿಲಿಗೆ ಹರಡಿದಳು. ಕರಿಬೇವು ಒಣಗಿಸಿದಳು, ಕೊಬ್ಬರಿ ತುರಿದು ಹುರಿದಳು, ಹುಣಸೆಹಣ್ಣಿನ ನಾರು ಬೀಜ ತೆಗೆದು ಗೋಲಿಯಷ್ಟು ಉಂಡೆ ಕಟ್ಟಿದಳು. ಮೊದಲ ಸಲ ಕಟ್ಟಿದ ನಾಲ್ಕು ಪೊಟ್ಟಣಗಳು ಎರಡೇ ದಿನಕ್ಕೆ ಒದ್ದೆಯಾದವು. ಉಪ್ಪು ನೀರುಬಿಟ್ಟಿತ್ತು. ಆಮೇಲೆ ಉಪ್ಪನ್ನೂ ಬಾಣಲೆಯಲ್ಲಿ ಹುರಿದಳು. ಉಪ್ಪು ಚಟಪಟ ಸಿಡಿಯುವುದನ್ನು ನೋಡಲು ತಮ್ಮ ಒಲೆಯ ಹತ್ತಿರ ಬಂದರೆ ಸೌಟು ತೋರಿಸಿ ಓಡಿಸುತ್ತಿದ್ದಳು.

"ದೂರ ಹೋಗ್ಲಾ. ಕಣ್ಣಿಗೆ ಬಿದ್ದಾತು."

ನಮ್ಮನ್ನು ಅವಳು ಆಗ ಹತ್ತಿರ ಸೇರಿಸುತ್ತಲೇ ಇರಲಿಲ್ಲ. ಖಾರ ಕುಟ್ಟುವಾಗ ಸೆರಗನ್ನು ಮೂಗು ಬಾಯಿಗೆ ಸುತ್ತಿ ಹಿಂದೆ ಗಂಟು ಹಾಕಿಕೊಳ್ಳುತ್ತಿದ್ದಳು. ಬೇಳೆ ಹುರಿಯುವಾಗಲೂ ಹಾಗೇ ಇತ್ತು, ಪೊಟ್ಟಣ ಕಟ್ಟುವಾಗಲೂ. ಬೇಳೆ ಹುರಿದರೆ ಘಾಟು ಬರುವುದಿಲ್ಲ. ಇದು ನನಗೆ ಆಗ ಹೊಳೆದಿರಲಿಲ್ಲ. ಅಥವಾ ಈಗ ಬರೆಯುವಾಗ ಬಟ್ಟೆಯನ್ನು ನಾನೇ ಅವಳ ಬಾಯಿಗೆ ಕಟ್ಟುತ್ತಿದ್ದೇನೆಯೇ? ಇರಲಾರದು. ಬಟ್ಟೆ ಇತ್ತು. ಅದರೊಳಗಿಂದ ಬರುತ್ತಿದ್ದ ಮಾತಿನ ದನಿ ನನಗೆ ನೆನಪಿದೆ, ಪಕ್ಕದ ಕೋಣೆಯಿಂದ ಮಾತಾಡಿದ ಹಾಗೆ.

ಕಾಗದ ನನ್ನ ಹಳೆಯ ಕಾಪಿ ಪುಸ್ತಕಗಳದ್ದು. ದಾರ ಅಪ್ಪ ಕಾರ್ಖಾನೆಯಿಂದ ತರುತ್ತಿದ್ದ ತುಂಡು ಎಳೆಗಳು. ಅವ್ವನಿಗೆ ಓದು ಬಾರದು, ಆದ್ದರಿಂದ ದಾರವೇ ಚೀಟಿ: ಕೆಂಪು ದಾರ ಹುರುಳಿ, ಹಳದಿ ತೊಗರಿ, ಬಿಳಿ ಅಂದರೆ ಒಣ ಅವರೆ ಮತ್ತು ಬದನೆ, ಅದರ ಅವರೆಯನ್ನು ಮಾತ್ರ ಹಿಂದಿನ ರಾತ್ರಿಯೇ ಆರಿಸಿ ನೆನೆಹಾಕಬೇಕು. ಯುಗಾದಿಗೆ ಎಂದು ಶಾವಿಗೆ ಬೆಲ್ಲದ ಒಂದು ಪೊಟ್ಟಣ ಬೇರೆಯೇ ಇತ್ತು, ಹಸಿರು ದಾರದ್ದು. ಅದು ತೊಂಬತ್ತರ ಲೆಕ್ಕಕ್ಕೆ ಸೇರಿಲ್ಲ. ಒಂದು ದಿನಕ್ಕೆ ಒಂದೇ ಸಾರು. ಬೆಳಿಗ್ಗೆ ಮಾಡಿದ್ದೇ ಸಂಜೆಗೆ. ಅವ್ವನಿಗೆ ಆಸ್ಪತ್ರೆಯಲ್ಲಿ ಹಾಲು ಮೊಟ್ಟೆ ಮನೆಯಿಂದಲೇ ಒದಗಿಸಬೇಕೆಂದು ಹೇಳಿದ್ದರು, ಹಾಗಾಗಿ ಮನೆಯಲ್ಲಿ ಇಷ್ಟರಲ್ಲೇ ಆಗಬೇಕಿತ್ತು. ಬೇಕರಿಯವನನ್ನು ಕೇಳಿ ತಂದ ದೊಡ್ಡ ಬಿಸ್ಕತ್ತಿನ ಡಬ್ಬಗಳು ಎರಡು ತುಂಬಿದವು.

"ಇದು ಮುಗಿಯೋ ಹೊತ್ಗೆ ನಾನು ಬಂದ್ಬುಡ್ತೀನಿ" ಅಂದಳು. "ದಿನಕ್ಕೊಂದು. ಆಸೆ ಅಂತ ಎರಡು ಬಿಚ್ಚೀಯೆ, ಆಮೇಲೆ ಕೊನೇಲಿ ಬರೀ ನೀರು ಕುಡೀಬೇಕಾಯ್ತದೆ."

ಸಾಲುಮನೆಯವರಿಗೆ ನಾವು ಹೇಳಿದ್ದು ಬೇರೆ. ಅವ್ವ ತವರಿಗೆ ಹೋಗುತ್ತಾಳೆ, ಚಿಕ್ಕಮ್ಮನ ಬಾಣಂತನಕ್ಕೆ. ಕ್ಷಯ ಎಂದು ಗೊತ್ತಾದರೆ ಬಾವಿಗೆ ಹಗ್ಗ ಇಳಿಸಲೂ ಬಿಡುವುದಿಲ್ಲ, ನಾಳೆ ನನಗೆ ಗಂಡು ಹುಡುಕುವಾಗಲೂ ಆ ಮಾತು ಎದ್ದು ನಿಲ್ಲುತ್ತದೆ ಎಂದು ಅಪ್ಪ ಹೇಳಿದ್ದ. ಎದುರುಮನೆಯಾಕೆ ಬಿಸಿಲಲ್ಲಿ ಒಣಗಿದ್ದ ಬದನೆ ಹೋಳುಗಳನ್ನು ಮುಟ್ಟಿ ನೋಡಿ, "ಏನ್ ಬಾಣಂತನವೋ ನಿಮ್ದು, ಮಗು ಮದ್ವೆ ಮಾಡಿ ಬರೋ ಅಂಗೆ ಕಟ್ತಿದ್ದೀರಿ" ಅಂದಳು. ಅವ್ವ ನಕ್ಕಳು. ನಗು ಕೆಮ್ಮಾಯಿತು. ಅವಳು ಒಳಗೆ ಹೋದಳು.

ಯುಗಾದಿಗೆ ಇನ್ನೂ ವಾರ ಇರುವಾಗ ಕಾಗದ ಬಂತು. ಅಪ್ಪ ಜಟಕಾ ತಂದ. ಹತ್ತುವ ಮೊದಲು ಅವ್ವ ತಮ್ಮನನ್ನು ಎತ್ತಿಕೊಳ್ಳಲಿಲ್ಲ. ಅವನು ಅತ್ತನೆಂದು ಬರೆದರೆ ಚೆನ್ನಾಗಿರುತ್ತಿತ್ತು. ಅವನು ಕುದುರೆ ನೋಡುತ್ತಿದ್ದ.

ಎರಡು ದಿನ ನಾನು ಸಾರು ಮಾಡಿದೆ. ನೀರು ಇಟ್ಟೆ, ಪೊಟ್ಟಣ ಬಿಚ್ಚಿ ಸುರಿದೆ, ಅವ್ವ ಹೇಳಿದ ಹಾಗೆ ಬೇಳೆ ಬೆರಳಿಗೆ ನುಣ್ಣಗಾಗುವವರೆಗೆ ಕುದಿಸಿದೆ. ಎರಡು ದಿನವೂ ಮೂರೂ ಜನ ಕೂತು ಉಂಡೆವು.

ಮೂರನೆಯ ದಿನ ಅತ್ತೆ ಬಂದಳು. ಅಪ್ಪನ ಅಕ್ಕ, ಮಕ್ಕಳಿಲ್ಲದವಳು, ಗಂಡ ತೀರಿಹೋಗಿ ಊರಲ್ಲಿ ತನ್ನ ಪಾಲಿನ ಹೊಲ ಉಳಿಸಿಕೊಂಡು ಇದ್ದವಳು. ಅಪ್ಪನೇ ಕಾರ್ಡು ಬರೆದು ಕರೆಸಿಕೊಂಡಿದ್ದ. ಅವ್ವನಿಗೆ ಹೇಳಿರಲಿಲ್ಲ. ಅತ್ತೆಯ ಮೇಲೆ ನನಗೆ ಸಿಟ್ಟಿತ್ತು ಎಂದು ಬಹಳ ಕಾಲ ನಂಬಿದ್ದೆ. ಈಗ ಕೆದಕಿದರೆ, ಬಂದ ದಿನ ಅವಳು ಹೊರಕೋಣೆಯಲ್ಲಿ ಚೀಲ ಬಿಚ್ಚಿ ಹಸಿ ಕಡಲೆಕಾಯಿ ಸುರಿದದ್ದೂ ನನ್ನ ತಲೆಗೆ ಎಣ್ಣೆ ತಟ್ಟಿದ್ದೂ ಸಿಗುತ್ತದೆ, ಸಿಟ್ಟು ಸಿಗುವುದಿಲ್ಲ. ಅವಳ ಅಡುಗೆ ಅವ್ವನದಕ್ಕಿಂತ ರುಚಿಯಾಗಿತ್ತು. ಇದನ್ನು ನಾನು ಇಲ್ಲಿಯವರೆಗೆ ಯಾರ ಹತ್ತಿರವೂ ಹೇಳಿಲ್ಲ.

ಅಡುಗೆಮನೆಗೆ ಹೋದವಳೇ ಅತ್ತೆ ಡಬ್ಬ ತೆಗೆದು ನೋಡಿದಳು.

"ಇದೇನ್ಲಾ ಇದು?"

ಅಪ್ಪ ಹೇಳಿದ.

"ಅವ್ಳ ಕೈಯಾರ ಕಟ್ಟಿದ್ದಾ? ಕೆಮ್ಮಿಕಂಡು ಕೆಮ್ಮಿಕಂಡು?"

"ಬಾಯಿಗೆ ಬಟ್ಟೆ ಕಟ್ಕೊಂಡಿದ್ಲು, ಅಕ್ಕ."

"ಕೈಗೆ ಕಟ್ಟಿದ್ಲಾ? ಎಳೆ ಮಕ್ಕಳು ಕಣೋ. ಒಬ್ಳು ಮಲಗವ್ಳೆ, ಸಾಲ್ದಾ ನಿಂಗೆ?"

ಡಾಕ್ಟರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲು ಆಸ್ಪತ್ರೆಯವರೆಗೆ ಹೋಗಬೇಕು, ಹೋದರೆ ಅವ್ವನ ಕಿವಿಗೆ ಬೀಳುತ್ತದೆ. ಹತ್ತಿರದಲ್ಲಿ ಇನ್ನೊಬ್ಬ ಡಾಕ್ಟರಿದ್ದರು, ಅವರ ಕಾಂಪೌಂಡರು ನಮ್ಮ ಸಾಲಿನವನು, ಕೇಳಿದರೆ ಊರಿಗೇ ಗೊತ್ತಾಗುತ್ತದೆ. ಹೀಗೆ ನಾವು ಯಾರನ್ನೂ ಕೇಳಲಿಲ್ಲ. ಮೂರು ವರ್ಷದ ಮೇಲೆ ಹೈಸ್ಕೂಲಿನಲ್ಲಿ ಆರೋಗ್ಯದ ಪಾಠ ಮಾಡುತ್ತ ಮೇಷ್ಟರು, ಚೆನ್ನಾಗಿ ಕುದಿಸಿದ ಪದಾರ್ಥದಲ್ಲಿ ರೋಗದ ಕ್ರಿಮಿ ಉಳಿಯುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆದರು. ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ.

ಶನಿವಾರ ಎಣ್ಣೆನೀರು. ಅತ್ತೆ ಬೆಳಿಗ್ಗೆಯೇ ಬಚ್ಚಲಲ್ಲಿ ಹಂಡೆಯ ಒಲೆ ಹೊತ್ತಿಸಿದಳು. ಹಿತ್ತಿಲಲ್ಲಿ ಹೂಳಿದರೆ ನಾಯಿ ಕೆದಕಿ ಬೀದಿಗೆ ತಂದು ಹಾಕುತ್ತದೆ, ಸುಟ್ಟರೆ ಸುಟ್ಟಂತೆ ಎಂಬುದು ಅವಳ ಲೆಕ್ಕ. ಪೊಟ್ಟಣಗಳನ್ನು ಬಿಚ್ಚದೆ ಹಾಗೆಯೇ ಐದು, ಹತ್ತು ಒಲೆಗೆ ತಳ್ಳಿದಳು. ಮೊದಲು ಕಾಗದ ಉರಿಯಿತು. ನನ್ನ ದುಂಡಕ್ಷರಗಳು ಕಪ್ಪಾಗಿ ಸುರುಳಿ ಸುತ್ತಿಕೊಂಡವು, ಇದು ನಾನು ನೋಡಿದ್ದೇ ಇರಬೇಕು. ಆಮೇಲೆ ಖಾರದ ಪುಡಿಗೆ ಬೆಂಕಿ ತಗುಲಿತು.

ಮೆಣಸಿನಕಾಯಿ ಹೊಗೆ ಹೇಗಿರುತ್ತದೆಂದು ಒಂದು ಮೆಣಸಿನಕಾಯಿ ಸುಟ್ಟವರಿಗೆ ಗೊತ್ತು. ಮೂರು ತಿಂಗಳ ಖಾರ ಒಂದೇ ಒಲೆಯಲ್ಲಿ ಹೊತ್ತಿತು. ಬಚ್ಚಲಿಂದ ಅತ್ತೆ ಕಣ್ಣು ಮುಚ್ಚಿಕೊಂಡು ಓಡಿಬಂದಳು. ತಮ್ಮ ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡ. ನಾನು ಅಂಗಳದಲ್ಲಿ ಕೂತು ಕೆಮ್ಮಿದೆ. ಹೊಗೆ ಹೆಂಚಿನ ಸಂದಿಯಿಂದ ಸಾಲುಮನೆಗಳ ಉದ್ದಕ್ಕೂ ಹೋಯಿತು, ಮನೆ ಮನೆಯಿಂದಲೂ ಜನ ಕೆಮ್ಮುತ್ತ ಹೊರಗೆ ಬಂದರು. ಎದುರುಮನೆಯಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೇಳಿದಳು:

"ಏನ್ರವ್ವ, ಇಡೀ ಮೈಸೂರಿಗೇ ದೃಷ್ಟಿ ತೆಗೀತಿದ್ದೀರಾ?"

"ಮನೆಗೆ ಕಣ್ಣು ಬಿದ್ದದೆ ಕಣವ್ವ" ಅಂದಳು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ತೆಗೀದಿದ್ರೆ ಎಂಗೆ?"

"ಕಣ್ಣು ನಮ್ದೇ ಇರ್ಬೇಕು. ನೋಡಿ ಎಂಗೆ ಸುರೀತಾ ಐತೆ."

ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ. ನೀರು ಚೆನ್ನಾಗಿ ಕಾದಿತ್ತು. ಅತ್ತೆ ನನಗೂ ತಮ್ಮನಿಗೂ ಆ ನೀರನ್ನೇ ಹುಯ್ದಳು.

ಅಪ್ಪ ಪಾಳಿ ಮುಗಿಸಿ ಬಂದವನು ಖಾಲಿ ಡಬ್ಬ ನೋಡಿದ. "ಮಾಡ್ಬುಟ್ಟೆಯಾ" ಅಂದ, ಅಷ್ಟೆ. ಇನ್ನೊಂದು ನೆನಪಿನಲ್ಲಿ ಅವನೇ ಬಚ್ಚಲ ಬಾಗಿಲಲ್ಲಿ ನಿಂತು ಅತ್ತೆಯ ಕೈಗೆ ಪೊಟ್ಟಣ ಕೊಡುತ್ತಿದ್ದಾನೆ. ಎರಡೂ ಒಂದೇ ದಿನ ಆಗಲಾರದು. ಆದರೆ ಊಟದ ಮೇಲೆ ಅವನು ನನ್ನನ್ನು ಜಗಲಿಗೆ ಕರೆದು ಹೇಳಿದ್ದು ಮಾತ್ರ ಎರಡರಲ್ಲೂ ಇದೆ.

"ಅವ್ವಂಗೆ ಹೇಳ್ಬೇಡ ಮಗ. ಗೊತ್ತಾದ್ರೆ ಅಲ್ಲಿ ನಿಲ್ಲಾಕಿಲ್ಲ ಅವ್ಳು, ಎದ್ದು ಬಂದ್ಬುಡ್ತಾಳೆ. ಬಂದ್ರೆ ಉಳಿಯಾಕಿಲ್ಲ."

ಹದಿನೈದು ದಿನಕ್ಕೊಂದು ಭಾನುವಾರ ಅಪ್ಪ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಸುಣ್ಣ ಬಳಿದ ಕಲ್ಲುಗಳ ಒಂದು ಸಾಲಿತ್ತು, ಅದರ ಈಚೆ ನಾನು, ಆಚೆ ಹೊಂಗೆ ಮರದ ಕೆಳಗಿನ ಬೆಂಚಿನಲ್ಲಿ ಅವ್ವ. ಅಪ್ಪ ಒಳಗೆ ಹೋಗಿ ಹಾಲು ಮೊಟ್ಟೆಯ ದುಡ್ಡು ಕೊಟ್ಟು ಬರುವವರೆಗೆ ನಾವಿಬ್ಬರೇ ಕೂಗಿ ಮಾತಾಡಬೇಕು.

"ಎಷ್ಟವೆ?" ಇದೇ ಅವಳ ಮೊದಲ ಮಾತು.

ಮೊದಲ ಸಲ ನಾನು ಸಿದ್ಧವಾಗಿರಲಿಲ್ಲ. ಬೆರಳು ಮಡಿಸಿ ತೊಂಬತ್ತರಲ್ಲಿ ಕಳೆದು ಹೇಳಿದೆ. ಅವ್ವನಿಗೆ ಇಪ್ಪತ್ತರ ಮೇಲೆ ಎಣಿಕೆ ಸರಿಯಾಗಿ ಬರುತ್ತಿರಲಿಲ್ಲ, ಆದರೆ ನನ್ನ ಉತ್ತರ ಕೇಳಿ, ಆಗತಾನೇ ಬೆಂಚಿಗೆ ಬಂದು ಕೂತವರ ಕಡೆ ತಿರುಗಿದಳು. ವಾರ್ಡಿನಲ್ಲಿ ಅವಳ ಪಕ್ಕದ ಮಂಚದ ಹೆಂಗಸು ಅವರು, ಅಗ್ರಹಾರದ ಕಡೆಯವರು, ಅವ್ವನಿಗಿಂತ ಹಿರಿಯರು, ಕೆನ್ನೆಯಲ್ಲಿ ಮಾಂಸವೇ ಇರಲಿಲ್ಲ.

"ನೋಡಿ, ಹೇಳಿದ್ನಲ್ಲ. ದಿನಕ್ಕೊಂದೇ ಬಿಚ್ತಾಳೆ. ಹನ್ನೊಂದು ವರ್ಷಕ್ಕೆ ಸಂಸಾರ ಮಾಡ್ತಾಳೆ ಇವ್ಳು."

"ನಂಗೂ ಒಂದು ಪೊಟ್ಟಣ ತಂದ್ಕೊಡೇ ಮಗು" ಎಂದರು ಅವರು. "ಇಲ್ಲಿ ಸಾರು ಅಂತ ಕೊಡ್ತಾರಲ್ಲ, ಅದಕ್ಕಿಂತ ಬಿಸಿನೀರು ರುಚಿಯಾಗಿರತ್ತೆ. ನಿಮ್ಮಮ್ಮ ದಿನಾ ಅದೇ ಪುರಾಣ. ಕೆಂಪು ದಾರ, ಹಳದಿ ದಾರ. ಕೇಳಿ ಕೇಳಿ ಬಾಯಲ್ಲಿ ನೀರು ಬರತ್ತೆ ಕಣಮ್ಮ."

"ತರ್ತೀನಿ" ಅಂದೆ.

"ಕೊನೇಗೆ ಉಳಿದ್ರೆ ತಾ" ಅಂದಳು ಅವ್ವ. "ಅಳತೆಗೆ ಕಟ್ಟಿರೋದು."

ಮುಂದಿನ ಸಲದಿಂದ ನಾನು ಲೆಕ್ಕ ಮನೆಯಿಂದಲೇ ಮಾಡಿಕೊಂಡು ಹೋಗುತ್ತಿದ್ದೆ. ಕಾಪಿ ಪುಸ್ತಕದ ಹಿಂದಿನ ರಟ್ಟಿನಲ್ಲಿ ದಿನಕ್ಕೊಂದು ಗೀಟು. ಅವ್ವ ಬರೀ ಸಂಖ್ಯೆ ಕೇಳಿ ಸುಮ್ಮನಾಗುತ್ತಿರಲಿಲ್ಲ. ಹುರುಳಿ ಗಟ್ಟಿಯಾಯಿತಾ? ಅವರೆ ಬೆಂದಿತಾ, ರಾತ್ರಿಯೇ ನೆನೆಹಾಕಬೇಕೆಂದು ಹೇಳಿದ್ದೆನಲ್ಲ? ತಮ್ಮ ಬದನೆ ಹೋಳು ತೆಗೆದು ಪಕ್ಕಕ್ಕಿಡುತ್ತಾನಾ? ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ತಮ್ಮ ಬದನೆಯನ್ನು ಪಕ್ಕಕ್ಕಿಡುತ್ತಿದ್ದದ್ದು ನಿಜ, ಅತ್ತೆ ಮಾಡಿದ ಬದನೆಯನ್ನು. ಯುಗಾದಿಯ ಶಾವಿಗೆಗೆ ಬೆಲ್ಲ ಸಾಲದೆ ಬಂತು ಎಂದೂ ಹೇಳಿದೆ. ಸುಳ್ಳಿನಲ್ಲಿ ಒಂದು ಕೊರತೆ ಇದ್ದರೆ ನಂಬುತ್ತಾರೆ ಎಂದು ಆ ವಯಸ್ಸಿನಲ್ಲೇ ನನಗೆ ಯಾರು ಕಲಿಸಿದರೋ. ಅವ್ವನ ಮುಖ ಸಣ್ಣಗಾಯಿತು. "ಬೆಲ್ಲ ಮುಗ್ದಿತ್ತು ಕಣೆ ಆವತ್ತು, ಇದ್ದಷ್ಟೇ ಹಾಕ್ದೆ" ಅಂದಳು. ಅತ್ತೆ ಬಂದಿರುವುದನ್ನು ಅಪ್ಪ ಎರಡನೆಯ ತಿಂಗಳಲ್ಲಿ ಹೇಳಿದ. ಮಕ್ಕಳನ್ನು ನೋಡಿಕೊಳ್ಳಲು ಬಂದಿದ್ದಾಳೆ, ಸಾರು ಮಾತ್ರ ಇವಳೇ ಮಾಡುತ್ತಾಳೆ ಎಂದ. ಅಪ್ಪನೂ ನನ್ನಷ್ಟೇ ಚೆನ್ನಾಗಿ ಹೇಳುತ್ತಿದ್ದ.

ಅವ್ವ ಸ್ವಲ್ಪ ತುಂಬಿಕೊಂಡಿದ್ದಳು. ಕೆಮ್ಮು ಕಡಿಮೆಯಾಗಿತ್ತು. ಪ್ರತಿ ಸಲ ಅವಳು ಹಿಂದಿನ ಸಲಕ್ಕಿಂತ ಜೋರಾಗಿ ಕೂಗಬಲ್ಲವಳಾಗಿದ್ದಳು.

ಜೂನ್ ತಿಂಗಳು, ಶಾಲೆ ಶುರುವಾಗಿತ್ತು. ಅವತ್ತು ಡಾಕ್ಟರು ಅಪ್ಪನನ್ನು ಕೋಣೆಗೆ ಕರೆದು ಹೊಸ ಎಕ್ಸ್‌ರೇ ತೋರಿಸಿ, ಎಡಗಡೆಯ ಕಲೆ ಪೂರ್ತಿ ಹೋಗಿಲ್ಲ, ಇನ್ನೂ ಮೂರು ನಾಲ್ಕು ತಿಂಗಳು ಇರಬೇಕು, ಈಗ ಬಿಟ್ಟು ಹೋದರೆ ಕಷ್ಟ ಎಂದಿದ್ದರು. ಅದನ್ನು ಅವ್ವನಿಗೂ ಹೇಳಿಯಾಗಿತ್ತು. ಅವಳು ಬೆಂಚಿಗೆ ಬಂದಾಗ ಒಬ್ಬಳೇ ಇದ್ದಳು, ಪಕ್ಕದ ಮಂಚದವರು ಕಾಣಲಿಲ್ಲ. ಅಪ್ಪ ನನಗೆ ಮೊದಲೇ ಹೇಳಿದ್ದ: ಅತ್ತೆ ಇದ್ದಾಳೆ, ಏನೂ ತೊಂದರೆ ಇಲ್ಲ, ಪೊಟ್ಟಣ ಇನ್ನೂ ಇವೆ ಎಂದು ಹೇಳು. ನನ್ನ ಸುಳ್ಳಿನ ಗೀಟುಗಳ ಪ್ರಕಾರವೂ ಇನ್ನೂ ಎಂಟು ಉಳಿಯಬೇಕಿತ್ತು.

"ಎಷ್ಟವೆ?"

"ಮುಗ್ದೋದ್ವು" ಅಂದೆ.

ಏಕೆ ಅಂದೆ? ಇದಕ್ಕೆ ಬೇರೆ ಬೇರೆ ವರ್ಷಗಳಲ್ಲಿ ನನ್ನ ಹತ್ತಿರ ಬೇರೆ ಬೇರೆ ಉತ್ತರಗಳಿದ್ದವು. ಎಣಿಸಿ ಎಣಿಸಿ ಸಾಕಾಗಿತ್ತು ಎಂಬುದೊಂದು. ಎಲ್ಲ ತಿಂದು ಮುಗಿಸಿದೆವು ಎಂದರೆ ಅವಳಿಗೆ ಹಿಗ್ಗಾಗುತ್ತದೆ ಎಂದುಕೊಂಡೆ ಎಂಬುದೊಂದು, ನಮ್ಮ ಕಡೆ ಪಾತ್ರೆ ಬಳಿದು ಉಣ್ಣುವುದೇ ಅಡುಗೆಗೆ ಕೊಡುವ ಮರ್ಯಾದೆಯಲ್ಲವೇ? ಇವು ಎರಡೂ ನಾನು ಆಮೇಲೆ ಹೊಲಿದ ಅಂಗಿಗಳು. ಮುಗಿಯುವ ಹೊತ್ತಿಗೆ ಬರುತ್ತೇನೆ ಎಂದಿದ್ದಳು. ಹಾಗಾಗಿ ಮುಗಿಸಿದೆ. ಬಂದರೆ ಉಳಿಯಾಕಿಲ್ಲ ಎಂದು ಅಪ್ಪ ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ನೆನಪಿದ್ದೂ ಅಂದೆ.

ಬುಧವಾರ ಮಧ್ಯಾಹ್ನ ಅವ್ವ ಬಂದಳು. ನಾನು ಶಾಲೆಯಿಂದ ಊಟಕ್ಕೆ ಬಂದು ಕೂತಿದ್ದೆ. ಬಾಗಿಲಲ್ಲಿ ನಿಂತಿದ್ದಳು, ಒಳಗೆ ಕಾಲಿಡಲಿಲ್ಲ. ಆಸ್ಪತ್ರೆಯಲ್ಲಿ ಯಾರಿಗೂ ಹೇಳದೆ, ಹಾಲಿನ ಗಾಡಿಯವನ ಜೊತೆ ಅರ್ಧ ದಾರಿ, ಉಳಿದದ್ದು ನಡೆದು ಬಂದಿದ್ದಳು. ಉಸಿರು ಸಿಕ್ಕುತ್ತಿರಲಿಲ್ಲ.

ಅತ್ತೆ ಮುದ್ದೆಯ ಕೋಲು ಹಿಡಿದೇ ಹೊರಗೆ ಬಂದಳು. "ಯಾಕೆ ಬಂದ್ಬುಟ್ಟೆ? ಬುಟ್ರಾ ಅವ್ರು?"

"ಇಲ್ಲ ಅಕ್ಕ. ಸಂಜೆ ಒಳಗೆ ಹೊಂಟೋಯ್ತೀನಿ. ಒಳಕ್ಕೂ ಬರಾಕಿಲ್ಲ. ಬೇಳೆ, ಪುಡಿ, ಕಾಗ್ದ ಇಷ್ಟು ಈ ಜಗಲಿ ಮೇಲಿಟ್ಬುಡಿ, ಇನ್ನೊಂದು ತಿಂಗಳಿಗಾಗೋವಷ್ಟು ಕಟ್ಟಿ ಹೋಯ್ತೀನಿ. ಎಲ್ಲ ಮುಗ್ದೋದ್ವಂತೆ."

ಅತ್ತೆ ನನ್ನನ್ನು ನೋಡಿದಳು. ನಾನು ತಟ್ಟೆ ನೋಡಿದೆ. ಆಗ ತಮ್ಮ, ಅವ್ವನನ್ನು ಮೂರು ತಿಂಗಳ ಮೇಲೆ ನೋಡಿದ ಸಂತೋಷಕ್ಕೆ, ಅವಳಿಗೆ ಹೇಳಲು ತನ್ನ ಹತ್ತಿರ ಇದ್ದ ಅತ್ಯಂತ ದೊಡ್ಡ ಸಮಾಚಾರವನ್ನು ಹೇಳಿದ.

"ಅವ್ವ, ಅತ್ತೆ ಅವನ್ನೆಲ್ಲ ಹಂಡೆ ಒಲೆಗೆ ಹಾಕ್ಬುಡ್ತು. ಎಲ್ರೂ ಕೆಮ್ಮಿದ್ರು. ನಾನು ವಾಂತಿ ಮಾಡ್ಕಂಡೆ. ಎದುರುಮನೆಯೋರೂ ಕೆಮ್ಮಿದ್ರು."

ಅವನು ಕೆಮ್ಮಿ ತೋರಿಸಿದ.

ಅವ್ವ ಜಗಲಿಯ ಮೇಲೆ ಕೂತಳು. ಅತ್ತೆ ಏನೇನೋ ಹೇಳಿದಳು, ಮಕ್ಕಳ ಮುಖ ನೋಡಿ ಮಾಡಿದ್ದು, ನೀನೇ ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ ಹೇಳು ಎಂದು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅವ್ವ ತಲೆಯಾಡಿಸುತ್ತಿದ್ದಳು. ನಂತರ ನನ್ನನ್ನು ಕೇಳಿದಳು, ಮೆತ್ತಗೆ, ಸುಣ್ಣದ ಕಲ್ಲುಗಳು ನಡುವೆ ಇಲ್ಲದ್ದರಿಂದ ಕೂಗಬೇಕಾಗಿರಲಿಲ್ಲ.

"ಎಲ್ಲಾನೂವಾ?"

"ಎರಡು ಮಾಡಿದ್ದೆ" ಅಂದೆ. "ಮೊದ್ಲನೇ ಎರಡು ದಿನ."

ಅವಳು ಕೈಗಳನ್ನು ತಿರುಗಿಸಿ ಅಂಗೈ ನೋಡಿಕೊಂಡಳು. ಈ ಒಂದು ನೋಟವನ್ನು ನಾನು ಬಹಳ ಸಲ ಅನುಮಾನಿಸಿದ್ದೇನೆ, ಇದು ಕಥೆಗೆ ತೀರಾ ಹೊಂದುತ್ತದೆ. ನೋಡಿಕೊಂಡಳೋ, ಧೂಳು ಕೊಡವಿಕೊಂಡಳೋ. ಅತ್ತೆ ಒಂದು ಚೊಂಬು ನೀರು ತಂದು ಸ್ವಲ್ಪ ದೂರದಲ್ಲಿಟ್ಟಳು. ಅವ್ವ ಎತ್ತಿ ಕುಡಿದು, ಚೊಂಬನ್ನು ಅಲ್ಲೇ ಬಿಟ್ಟು ಎದ್ದಳು. ಅಪ್ಪನಿಗಾಗಿ ಕಾಯಲಿಲ್ಲ. ಅತ್ತೆ ಓಡಿಹೋಗಿ ಜಟಕಾ ಕರೆತಂದು, ತಾನೇ ಜೊತೆಯಲ್ಲಿ ಕೂತು ಆಸ್ಪತ್ರೆಗೆ ಬಿಟ್ಟು ಬಂದಳು. ಆಸ್ಪತ್ರೆಯವರು ಬೈದರಂತೆ, ಇನ್ನೊಬ್ಬರಿಗೆ ಹಾಸಿಗೆ ಕೊಡುವವರಿದ್ದೆವು ಎಂದರಂತೆ. ಅತ್ತೆ ಅವರ ಕಾಲು ಹಿಡಿದಳಂತೆ. ಇದನ್ನು ಅತ್ತೆ ಎಂದೂ ಹೇಳಲಿಲ್ಲ, ಅಪ್ಪ ಆಸ್ಪತ್ರೆಯಲ್ಲಿ ಕೇಳಿಬಂದು ಹೇಳಿದ್ದು.

ಆಮೇಲೆ ಅವ್ವ ಅಲ್ಲಿ ಮೂರಲ್ಲ, ಏಳು ತಿಂಗಳಿದ್ದಳು. ಭಾನುವಾರಗಳಂದು ಏನನ್ನೂ ಎಣಿಸಿ ಕೇಳಲಿಲ್ಲ. ಬೇಗ ಮನೆಗೆ ಬರುವ ಮಾತೂ ಎತ್ತಲಿಲ್ಲ. ಅಪ್ಪ ಇದನ್ನು ಒಳ್ಳೆಯ ಲಕ್ಷಣವೆಂದು ತಿಳಿದ. ಡಾಕ್ಟರು, ನಿಮ್ಮ ಹೆಂಗಸಿನಷ್ಟು ಹೇಳಿದ ಮಾತು ಕೇಳುವ ರೋಗಿ ಇಲ್ಲ ಎಂದರು. ಮುಂದಿನ ಸಂಕ್ರಾಂತಿಗೆ ಅವಳು ಗುಣವಾಗಿ ಬಂದಳು. ಅತ್ತೆ ಊರಿಗೆ ಹೋದಳು. ಇಬ್ಬರೂ ಬಾಗಿಲಲ್ಲಿ ನಿಂತು ಬಹಳ ಹೊತ್ತು ಮಾತಾಡಿದರು, ಏನೆಂದು ಕೇಳಿಸಲಿಲ್ಲ.

ನನ್ನ ಸುಳ್ಳು ಅವಳನ್ನು ಎಬ್ಬಿಸಿ ತಂದಿತು, ತಮ್ಮನ ನಿಜ ಅವಳನ್ನು ವಾಪಸು ಕಳಿಸಿ ಬದುಕಿಸಿತು. ಹೀಗೆ ಬರೆದರೆ ವಾಕ್ಯ ಚೆನ್ನಾಗಿ ಕೂರುತ್ತದೆ. ಕೂರುವುದರಿಂದಲೇ ಅದನ್ನು ನಾನು ನಂಬುವುದಿಲ್ಲ. ಗುಣವಾಗಿ ಬಂದ ಅವ್ವ ಬೇರೆಯಾಗಿದ್ದಳು. ಆವತ್ತಿನ ಸಾರಿಗೆ ಆವತ್ತೇ ಖಾರ ಅರೆಯುತ್ತಿದ್ದಳು. ಡಬ್ಬದಲ್ಲಿ ಪುಡಿ ಮಾಡಿಡಲಿಲ್ಲ, ಬೇಸಿಗೆಯಲ್ಲಿ ಸಂಡಿಗೆ ಹಾಕಲಿಲ್ಲ, ಉಪ್ಪಿನಕಾಯಿಯನ್ನು ಅಂಗಡಿಯಿಂದ ತರಿಸಿದಳು. ಸಾಲುಮನೆಯ ಹೆಂಗಸರು ಒಟ್ಟಿಗೆ ಹಪ್ಪಳ ಒತ್ತಲು ಕೂತಾಗ ಕರೆದರೆ, "ನಂಗೆ ಬೆನ್ನು ನೋವು ಕಣ್ರೀ" ಎಂದು ಬಾಗಿಲು ಎಳೆದುಕೊಳ್ಳುತ್ತಿದ್ದಳು. ಅವಳ ತಟ್ಟೆ, ಲೋಟ ಬೇರೆ. ಡಾಕ್ಟರು ಬೇಡವೆಂದರೂ ಬೇರೆ. ಒಲೆಯಿಂದ ಪಾತ್ರೆ ಇಳಿಸಿ ನಮ್ಮ ಮುಂದೆ ಇಟ್ಟು, ನೀವೇ ಬಡಿಸಿಕೊಳ್ಳಿ ಎಂದು ಗೋಡೆಗೆ ಒರಗಿ ಕೂರುತ್ತಿದ್ದಳು.

ನಾನು ಇಂಟರ್‌ಮೀಡಿಯಟ್ ಓದುತ್ತಿದ್ದಾಗ, ಒಂದು ರಜೆಯ ದಿನ, ಅವಳು ಅಕ್ಕಿ ಆರಿಸುತ್ತಿದ್ದಳು. ನಾನು ಎದುರಿಗೆ ಕೂತು ಕೇಳಿಯೇಬಿಟ್ಟೆ. ಆವತ್ತು ಬುಧವಾರ ಬಂದದ್ದು ನಾನು ಮುಗೀತು ಅಂದದ್ದಕ್ಕೇ ಅಲ್ಲವೇ ಎಂದು.

"ನೀನು ಅಂದಿದ್ದಾ?" ಅವ್ವ ಮೊರದಿಂದ ತಲೆ ಎತ್ತಲಿಲ್ಲ. "ಅದಕ್ಕಲ್ಲ ಕಣೆ. ನನ್ ಪಕ್ಕದ ಮಂಚದೋರು ಇದ್ರಲ್ಲ, ಅವ್ರು ಹೋಗ್ಬುಟ್ರು. ಸೋಮವಾರ. ಅವ್ರ ಹಾಸಿಗೆ ಮಡಚಿ ತಕ್ಕೊಂಡೋದ್ರು, ಸುಡಾಕೆ. ನಂಗೆ ದಿಗಿಲಾಗೋಯ್ತು. ಹೋಗೋದಾದ್ರೆ ಮನೇಲೇ ಹೋಗಾನ ಅಂತ ಬಂದೆ."

"ಮತ್ತೆ ಪೊಟ್ಟಣ ಕಟ್ಟಾಕೆ ಬಂದೆ ಅಂದ್ಯಲ್ಲ ಅತ್ತೆ ಹತ್ರ?"

"ಬಾಗ್ಲಲ್ಲಿ ನಿಂತ್ಮೇಲೆ ಏನಾರ ಹೇಳ್ಬೇಕಲ್ಲ. ಸಾಯಾಕೆ ಬಂದೆ ಅನ್ನಾಕಾಯ್ತದಾ, ಮಕ್ಕಳ ಮುಂದೆ?"

ಆರು ವರ್ಷ ನಾನು ಹೊತ್ತದ್ದು ಹಾಗಾದರೆ ಖಾಲಿ ಡಬ್ಬ. ಹಗುರಾಗಬೇಕಿತ್ತು, ಆಗಲಿಲ್ಲ. ಏಕೆಂದರೆ ಅವಳು ಇದನ್ನು ತೀರಾ ಸಲೀಸಾಗಿ ಹೇಳಿದಳು, ಆಸ್ಪತ್ರೆಯ ಬೆಂಚಿನ ಈಚೆ ನಿಂತು ನಾನು ಹೇಳುತ್ತಿದ್ದೆನಲ್ಲ, ಅಷ್ಟೇ ಸಲೀಸಾಗಿ, ಎಲ್ಲೂ ತಡವರಿಸದೆ. ನನ್ನನ್ನು ಉಳಿಸಲು ಹೇಳಿದಳೋ, ನಿಜವನ್ನೇ ಹೇಳಿದಳೋ. ಆ ಪಕ್ಕದ ಮಂಚದವರ ಹೆಸರು ಗೊತ್ತಿದ್ದರೆ ಆಸ್ಪತ್ರೆಗೆ ಹೋಗಿ ವಿಚಾರಿಸಬಹುದಿತ್ತು. ಹೆಸರು ಅವ್ವನಿಗೆ ಮರೆತಿತ್ತು, ಅಥವಾ ಮರೆತಿದೆ ಎಂದಳು.

ಅವಳು ಕಲ್ಲೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆದಳು. ಮೊರವನ್ನು ಒಂದೆರಡು ಸಲ ತಟ್ಟಿದಳು. ಆಮೇಲೆ ಕೇಳಿದಳು, ಇಷ್ಟು ವರ್ಷದಲ್ಲಿ ಒಂದೇ ಸಲ:

"ಆ ಎರಡು ದಿನ ಮಾಡಿದ್ಯಲ್ಲ. ಮೂರು ಜನಕ್ಕೂ ಸಾಕಾಯ್ತಾ?"

ನಾನು ನೆನಪಿಸಿಕೊಳ್ಳಲು ನೋಡಿದೆ. ಕುದಿಯುವ ನೀರು ಕಂಡಿತು, ದಾರ ಬಿಚ್ಚುವ ನನ್ನ ಬೆರಳು ಕಂಡಿತು. ಪಾತ್ರೆಯ ತಳ ಕಾಣಲಿಲ್ಲ. ಅಪ್ಪ ಇನ್ನೊಂದು ಸೌಟು ಕೇಳಿದ್ದನೋ, ತಮ್ಮ ಹಸಿದೇ ಎದ್ದಿದ್ದನೋ, ಒಂದೂ ಗೊತ್ತಿಲ್ಲ. ಅವ್ವ ಕಾಯುತ್ತಿದ್ದಳು. ಕೈ ಅಕ್ಕಿಯ ಮೇಲೆ ಹಾಗೇ ನಿಂತಿತ್ತು.

"ಸಾಕಾಯ್ತು" ಅಂದೆ.

"ಹೂಂ" ಅಂದು ಅವಳು ಮತ್ತೆ ಅಕ್ಕಿ ಆರಿಸತೊಡಗಿದಳು.